ದೀರ್ಘಾಯುಷ್ಯ: ಆಯುರ್ವೇದದ ತಿಳಿವು ಮತ್ತು ಆಧುನಿಕ ವೈದ್ಯವಿಜ್ಞಾನ (ಸಾರ್ವಜನಿಕರ ಮಾಹಿತಿಗಾಗಿ)

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಹಿರಿಯ ನಾಗರಿಕರು ಸರ್ಕಾರಿ ಆಯುಷ್ ಚಿಕಿತ್ಸಾಲಯ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರ ಎರಡರಿಂದಲೂ ಸೇವೆ ಪಡೆಯುವುದು ಸಾಮಾನ್ಯವಾಗಿದೆ. ಬೆಳವಣಕಿಯಂತಹ ಗ್ರಾಮಗಳಲ್ಲಿ ಒಂದೇ ಕೈಚೀಲದಲ್ಲಿ ರಕ್ತದೊತ್ತಡದ ಮಾತ್ರೆಯೂ ಚ್ಯವನಪ್ರಾಶದ ಡಬ್ಬಿಯೂ ಜೊತೆಯಾಗಿ ಇರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ರಸಾಯನ ಸೇವನೆಯಿಂದ ಆಯುಷ್ಯ ಹೆಚ್ಚುವುದೇ, ಹೆಚ್ಚುವುದಾದರೆ ಮಾತ್ರೆಯನ್ನು ಬಿಡಬಹುದೇ ಎಂಬ ಎರಡು ಪ್ರಶ್ನೆಗಳು ಇಂತಹ ಚೀಲದೊಂದಿಗೆ ಬರುತ್ತವೆ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ತಿಳಿಸಲಾಗುತ್ತಿದೆ: ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ಬಿಡತಕ್ಕದ್ದಲ್ಲ. ಮೊದಲನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಧ್ಯವಿಲ್ಲವಾದ್ದರಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಆಯುಷ್ಯವು ಮೊದಲೇ ನಿಗದಿಯಾಗಿದೆಯೇ?

"ಹಣೆಯಲ್ಲಿ ಬರೆದಷ್ಟೇ ಆಯುಷ್ಯ" ಎಂಬ ಮಾತು ನಮ್ಮ ಜನರಲ್ಲಿ ಬೇರೂರಿದೆ. ಇದನ್ನು ಆಯುರ್ವೇದದ ಅಭಿಪ್ರಾಯವೆಂದೇ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಚರಕಸಂಹಿತೆಯ ನಿಲುವು ಇದಕ್ಕೆ ವಿರುದ್ಧವಾಗಿದೆ. ಅದರ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ತನ್ನ ಗುರು ಆತ್ರೇಯನಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಆಯುಷ್ಯವೆಲ್ಲವೂ ನಿಯತವಾಗಿದ್ದರೆ ಔಷಧಕ್ಕಾಗಲಿ ಪಥ್ಯಕ್ಕಾಗಲಿ ಅರ್ಥವೇ ಇರುತ್ತಿರಲಿಲ್ಲ. ದೈವ ಮತ್ತು ಪುರುಷಪ್ರಯತ್ನ ಎರಡೂ ಸೇರಿ ಆಯುಷ್ಯವನ್ನು ನಿರ್ಧರಿಸುತ್ತವೆ ಎಂಬುದು ಅಲ್ಲಿನ ಉತ್ತರದ ಸಾರಾಂಶ.

ಇದನ್ನು ವಿವರಿಸಲು ಆತ್ರೇಯನು ಕೊಡುವ ಉದಾಹರಣೆ ಬಂಡಿಯ ಅಚ್ಚಿನದು. ಎರೆಭೂಮಿಯಲ್ಲಿ ಬಂಡಿ ಹೊಡೆದು ಬಲ್ಲ ನಮ್ಮ ಭಾಗದ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಕಟ್ಟಿಗೆಯಿಂದ ಮಾಡಿದ ಅಚ್ಚು ಸರಿಯಾದ ಬಳಕೆಯಲ್ಲಿ ಸವೆಯುತ್ತಾ ಸವೆಯುತ್ತಾ ತನ್ನ ಕಾಲ ಬಂದಾಗ ಮುಗಿಯುತ್ತದೆ, ಅದು ಕಾಲಮೃತ್ಯು. ಅದೇ ಅಚ್ಚು ಹೇರು ಅತಿಯಾದರೆ, ದಾರಿ ಏರುಪೇರಾದರೆ, ಗಾಲಿ ಒಡೆದರೆ, ಎತ್ತು ಅಥವಾ ಹೊಡೆಯುವವನು ಸರಿಯಿಲ್ಲದಿದ್ದರೆ, ಕಡಾಣಿ ಕಳಚಿದರೆ, ಕೀಲೆಣ್ಣೆ ಹಾಕದಿದ್ದರೆ ಅಥವಾ ಬಂಡಿ ಮಗುಚಿದರೆ ನಡುದಾರಿಯಲ್ಲಿಯೇ ಮುರಿಯುತ್ತದೆ, ಅದು ಅಕಾಲಮೃತ್ಯು. ಆಧುನಿಕ ವೈದ್ಯವಿಜ್ಞಾನದಲ್ಲಿ 'ತಪ್ಪಿಸಬಹುದಾದ ಮರಣ' ಎಂಬ ವರ್ಗೀಕರಣವಿದೆ. ಹೆಸರು ಬೇರೆಯಾದರೂ ಎರಡೂ ಪದ್ಧತಿಗಳು ಇಲ್ಲಿ ಒಂದೇ ಕಡೆ ನಿಂತಿವೆ. ಅಚ್ಚನ್ನು ಅದರ ಸಹಜ ಅಳತೆಗಿಂತ ಹೆಚ್ಚು ಕಾಲ ಬಾಳಿಸುವುದು ಬೇರೆ, ನಡುದಾರಿಯಲ್ಲಿ ಮುರಿಯದಂತೆ ಕಾಯುವುದು ಬೇರೆ. ಮೊದಲನೆಯದರಲ್ಲಿ ಎರಡೂ ಪದ್ಧತಿಗಳಿಗೆ ಭಿನ್ನಾಭಿಪ್ರಾಯವಿದೆ; ಎರಡನೆಯದರಲ್ಲಿ ಬಹುಮಟ್ಟಿಗೆ ಒಮ್ಮತವಿದೆ.

ನೂರು ವರ್ಷವೆಂಬ ಪೂರ್ಣಾಯುಷ್ಯ ಮತ್ತು ಸರಾಸರಿ ಆಯುಷ್ಯ

ಚರಕನ ಪ್ರಕಾರ ಈ ಯುಗದಲ್ಲಿ ಮನುಷ್ಯನ ಆಯುಃಪ್ರಮಾಣ ನೂರು ವರ್ಷ. ಮೂವತ್ತರವರೆಗೆ ಬಾಲ್ಯ, ಅರವತ್ತರವರೆಗೆ ಮಧ್ಯವಯಸ್ಸು, ಅನಂತರ ವೃದ್ಧಾಪ್ಯ ಎಂದು ಆತನು ವಿಂಗಡಿಸುತ್ತಾನೆ. ಸುಶ್ರುತನಾದರೋ ಎಪ್ಪತ್ತರ ನಂತರವೇ ವೃದ್ಧಾಪ್ಯವೆನ್ನುತ್ತಾನೆ. (2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವು ಅರವತ್ತು ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಪರಿಗಣಿಸಿದೆ, ಈ ವಿಷಯದಲ್ಲಿ ಸರ್ಕಾರವು ಅರಿತೋ ಅರಿಯದೆಯೋ ಚರಕನ ಗಣನೆಯನ್ನೇ ಅನುಸರಿಸಿದಂತಾಗಿದೆ.) ಶಾರ್ಙ್ಗಧರಸಂಹಿತೆಯು ಇನ್ನೂ ಸೂಕ್ಷ್ಮವಾಗಿ, ಹತ್ತು ವರ್ಷಕ್ಕೊಂದರಂತೆ ಬಾಲ್ಯ, ಬೆಳವಣಿಗೆ, ಕಾಂತಿ, ಗ್ರಹಣಶಕ್ತಿ, ಚರ್ಮದ ಬಿಗಿ, ದೃಷ್ಟಿ ಎಂದು ಒಂದೊಂದೇ ಇಳಿಯುವುದನ್ನು ಪಟ್ಟಿ ಮಾಡುತ್ತದೆ. ಐವತ್ತರ ನಂತರದ ಸಾಲಿನಲ್ಲಿ ದೃಷ್ಟಿ ಬರುತ್ತದೆ. ಕನ್ನಡಕದ ಅಂಗಡಿಯವರು ಇದನ್ನು ತುಸು ಹಿಂದಕ್ಕೆ ಸರಿಸಿಯಾರು.

"ಹಿಂದಿನವರು ನೂರು ವರ್ಷ ಬಾಳುತ್ತಿದ್ದರು, ಈಗಿನವರು ಎಪ್ಪತ್ತಕ್ಕೇ ಹೋಗುತ್ತಾರೆ" ಎಂಬ ಹೋಲಿಕೆ ಸರಿಯಲ್ಲ. ನೂರು ಎಂಬುದು ಅಚ್ಚಿನ ಪೂರ್ಣ ಅಳತೆ. ಎಪ್ಪತ್ತು ಎಂಬುದು ಎಲ್ಲ ಅಚ್ಚುಗಳ ಸರಾಸರಿ. ಲೆಕ್ಕದ ಮೂಲಕ ಹೇಳುವುದಾದರೆ, ಒಂದು ಕುಟುಂಬದಲ್ಲಿ ಹತ್ತು ಮಕ್ಕಳು ಹುಟ್ಟಿ ಮೂರು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡು, ಉಳಿದ ಏಳು ಮಂದಿ ಎಪ್ಪತ್ತು ವರ್ಷ ಬಾಳಿದರೆಂದು ಭಾವಿಸೋಣ. ಒಟ್ಟು 490 ವರ್ಷ, ಸರಾಸರಿ 49. ತೀರಿಕೊಂಡ ಮೂವರಲ್ಲಿ ಒಂದೇ ಮಗು ಬದುಕಿ ಎಪ್ಪತ್ತು ತಲುಪಿದ್ದರೆ ಸರಾಸರಿ 56ಕ್ಕೆ ಏರುತ್ತದೆ. ಯಾವ ಮುದುಕರ ಆಯುಷ್ಯವೂ ಒಂದು ದಿನ ಹೆಚ್ಚದೆ ಸರಾಸರಿಯು ಏಳು ವರ್ಷ ಹೆಚ್ಚಿತು.

ನಮ್ಮ ದೇಶದಲ್ಲಿ ನಡೆದದ್ದೂ ಬಹುಪಾಲು ಇದೇ. 1918ರ ಇನ್‌ಫ್ಲುಯೆಂಜಾ ಸೇರಿದ ದಶಕದಲ್ಲಿ ಭಾರತೀಯರ ಸರಾಸರಿ ನಿರೀಕ್ಷಿತ ಆಯುಷ್ಯ ಸುಮಾರು 20 ವರ್ಷಕ್ಕೆ ಕುಸಿದಿತ್ತು. ಸ್ವಾತಂತ್ರ್ಯದ ಹೊತ್ತಿಗೆ 32ರ ಆಸುಪಾಸಿಗೆ ಬಂದು, ಈಗ 70ರ ಆಸುಪಾಸಿನಲ್ಲಿದೆ. ಇದಕ್ಕೆ ಲಸಿಕೆ, ಶುದ್ಧ ನೀರು, ಸುರಕ್ಷಿತ ಹೆರಿಗೆ, ಸೋಂಕುನಿವಾರಕ ಔಷಧಿ ಮತ್ತು ಅತಿಸಾರಕ್ಕೆ ಉಪ್ಪು-ಸಕ್ಕರೆಯ ಪುನರ್ಜಲೀಕರಣ ದ್ರಾವಣ ಮುಖ್ಯ ಕಾರಣಗಳು. ಈ ಸಾಧನೆಯಲ್ಲಿ ಆಧುನಿಕ ವೈದ್ಯವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಪಾಲು ಬಹಳ ದೊಡ್ಡದು ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಒಪ್ಪಬೇಕಾಗುತ್ತದೆ.

ಈ ಭಾಗದ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ಇಂದಿನ ಗದಗ ಜಿಲ್ಲೆಯು 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಜಿಲ್ಲೆಯನ್ನು ಪ್ಲೇಗ್ ಹೊಕ್ಕಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಊರನ್ನು ತೊರೆಯುವುದು ಹಳೆಯ ತಿಳಿವು, ಅದು ಸರಿಯಾಗಿಯೂ ಇತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹ್ಯಾಫ್ಕಿನ್ ಅವರ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನರಿಗೆ ನೀಡಲಾಯಿತು. ಅದು ಹೊಸ ತಿಳಿವು. ಎರಡನ್ನೂ ಅನುಸರಿಸಿದವರಿಗೆ ಬದುಕುಳಿಯುವ ಸಂಭವ ಹೆಚ್ಚಿತ್ತು.

ನೀರಿನ ವಿಷಯ

ಮೇಲೆ ಹೇಳಿದ ವಿಮಾನಸ್ಥಾನದ ಅಧ್ಯಾಯದ ಹೆಸರೇ 'ಜನಪದೋದ್ಧ್ವಂಸನೀಯ', ಅಂದರೆ ನಾಡಿಗೆ ನಾಡೇ ನಾಶವಾಗುವುದನ್ನು ಕುರಿತದ್ದು. ಬೇರೆ ಬೇರೆ ಪ್ರಕೃತಿ, ಆಹಾರ, ವಯಸ್ಸಿನ ಜನರು ಏಕಕಾಲಕ್ಕೆ ಒಂದೇ ರೋಗಕ್ಕೆ ಏಕೆ ತುತ್ತಾಗುತ್ತಾರೆ ಎಂಬ ಪ್ರಶ್ನೆಗೆ, ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ ಮತ್ತು ಕಾಲ ಕೆಟ್ಟಿರುವುದೇ ಕಾರಣವೆಂದು ಅಲ್ಲಿ ಹೇಳಿದೆ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಗ್ರಂಥದಲ್ಲಿ ಈ ವಿಚಾರ ಬಂದಿರುವುದು ಗಮನಾರ್ಹ. ಕೆಟ್ಟ ನೀರಿನ ಗುರುತುಗಳಾಗಿ ವಿಕೃತವಾದ ಬಣ್ಣ, ವಾಸನೆ, ರುಚಿ, ಸ್ಪರ್ಶ, ಲೋಳೆತನ ಹಾಗೂ ಜಲಪಕ್ಷಿಗಳು ಬಿಟ್ಟುಹೋಗಿರುವುದನ್ನು ಹೇಳಲಾಗಿದೆ.

ಆದರೆ ಗದಗ ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿ ನೀರಿನ ತೊಂದರೆಯನ್ನು ಈ ಗುರುತುಗಳಿಂದ ಕಂಡುಹಿಡಿಯಲಾಗದು. ಆ ನೀರು ತಿಳಿಯಾಗಿಯೇ ಇರುತ್ತದೆ, ವಾಸನೆ ಇರುವುದಿಲ್ಲ, ಹಕ್ಕಿಗಳೂ ಕುಡಿಯುತ್ತವೆ. ಅದರಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶವು ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಇದಕ್ಕಿಂತ ಹೆಚ್ಚಾದ ನೀರನ್ನು ಬಾಲ್ಯದಿಂದಲೇ ಕುಡಿದರೆ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಫ್ಲೋರೈಡ್ ಪ್ರಮಾಣ ಬಹಳ ಹೆಚ್ಚಿದ್ದು ದೀರ್ಘಕಾಲ ಸೇವಿಸಿದಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲುಗಳು ಬಿಗಿಯುತ್ತವೆ. ಈ ಬಿಗಿತವನ್ನು ವಾತವೆಂದೋ ವಯಸ್ಸಿನ ಸಹಜ ಫಲವೆಂದೋ ತಿಳಿದು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ವರ್ಷಗಳನ್ನು ಕಳೆಯುವವರಿರುತ್ತಾರೆ. ಎಣ್ಣೆಯಿಂದ ನೋವಿಗೆ ಸಮಾಧಾನ ಸಿಗಬಹುದು, ಕಾರಣ ಹೋಗದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇಲ್ಲಿ ಆಯುರ್ವೇದದ ಇನ್ನೊಂದು ವಿಚಾರವನ್ನು ನೆನಪಿಸುವುದು ಸೂಕ್ತ. ಆಯುಷ್ಯವನ್ನು ಹಿತಾಯು, ಅಹಿತಾಯು, ಸುಖಾಯು, ದುಃಖಾಯು ಎಂದು ಚರಕನು ನಾಲ್ಕು ಬಗೆಯಾಗಿ ಹೇಳಿದ್ದಾನೆ. ಎಷ್ಟು ವರ್ಷ ಎಂಬುದರ ಜೊತೆಗೆ ಎಂತಹ ವರ್ಷ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಫ್ಲೋರೈಡಿನಿಂದ ಬೆನ್ನು ಬಾಗಿದವರು ಎಂಬತ್ತು ದಾಟಬಹುದು, ಆದರೆ ಅದು ದುಃಖಾಯು. ವಿಶ್ವ ಆರೋಗ್ಯ ಸಂಸ್ಥೆಯು ಈಗ ನಿರೀಕ್ಷಿತ ಆಯುಷ್ಯದ ಜೊತೆಗೆ 'ಆರೋಗ್ಯಯುತ ನಿರೀಕ್ಷಿತ ಆಯುಷ್ಯ' ಎಂಬ ಇನ್ನೊಂದು ಅಂಕಿಯನ್ನೂ ಪ್ರಕಟಿಸುತ್ತಿದೆ. ಭಾರತದಲ್ಲಿ ಇವೆರಡರ ನಡುವಿನ ಅಂತರ ಸುಮಾರು ಹತ್ತು ವರ್ಷ. ಅಂದರೆ ಸರಾಸರಿ ಮನುಷ್ಯನ ಆಯುಷ್ಯದಲ್ಲಿ ಹತ್ತು ವರ್ಷದಷ್ಟು ಕಾಲ ರೋಗ ಅಥವಾ ಅಂಗವೈಕಲ್ಯದ ಲೆಕ್ಕಕ್ಕೆ ಹೋಗುತ್ತದೆ. ಸುಖಾಯುವಿನ ಕಲ್ಪನೆಗೆ ಅಂಕಿಯನ್ನು ಒದಗಿಸಿದ್ದು ಆಧುನಿಕ ವಿಜ್ಞಾನ.

ಉಪ್ಪು, ಊಟ ಮತ್ತು ರಕ್ತದೊತ್ತಡ

ಹಿಪ್ಪಲಿ, ಕ್ಷಾರ ಮತ್ತು ಉಪ್ಪು, ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕನು ಸ್ಪಷ್ಟವಾಗಿ ವಿಧಿಸಿದ್ದಾನೆ. ಅತಿಯಾದ ಉಪ್ಪಿನಿಂದ ಬಲ ಕುಂದುವುದು, ಅಕಾಲದಲ್ಲಿ ಕೂದಲು ಉದುರುವುದು, ನೆರೆಯುವುದು, ಚರ್ಮ ಸುಕ್ಕುಗಟ್ಟುವುದು ಎಂದು ಹೇಳಿ, ಹಾಲಿಗೂ ಉಪ್ಪು ಬೆರೆಸಿ ಸೇವಿಸುವ ಸಿಂಧು, ಸೌರಾಷ್ಟ್ರ ಮೊದಲಾದ ದೇಶಗಳ ಜನರನ್ನು ಉದಾಹರಿಸಿದ್ದಾನೆ. ಆಧುನಿಕ ವೈದ್ಯರು ಕೂದಲು ನೆರೆಯುವುದಕ್ಕೆ ಉಪ್ಪನ್ನು ಕಾರಣವಾಗಿ ಹೇಳುವುದಿಲ್ಲ. ಆದರೆ ಉಪ್ಪಿನಿಂದ ರಕ್ತದೊತ್ತಡ ಏರಿ, ಲಕ್ವ, ಹೃದಯಾಘಾತ, ಮೂತ್ರಪಿಂಡದ ವೈಫಲ್ಯಕ್ಕೆ ದಾರಿಯಾಗುತ್ತದೆಂದು ನಿಸ್ಸಂದೇಹವಾಗಿ ಹೇಳುತ್ತಾರೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಭಾರತೀಯರ ಸರಾಸರಿ ಸೇವನೆ ಇದಕ್ಕಿಂತ ಬಹಳ ಹೆಚ್ಚಿದೆ.

ನಮ್ಮ ಭಾಗದ ಊಟದ ಬಗ್ಗೆ ಎರಡೂ ಪದ್ಧತಿಗಳು ಮೆಚ್ಚುವ ಅಂಶಗಳು ಬಹಳ. ನಿತ್ಯ ಸೇವಿಸಲು ಯೋಗ್ಯವೆಂದು ಚರಕನು ಹೆಸರಿಸಿದ ಆಹಾರಗಳಲ್ಲಿ ಹೆಸರುಕಾಳು ಮತ್ತು ನೆಲ್ಲಿಕಾಯಿ ಇವೆ. ಹೆಸರು ನಮ್ಮ ತಾಲೂಕುಗಳ ಮುಂಗಾರಿನ ಮುಖ್ಯ ಬೆಳೆ. ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು, ಮಜ್ಜಿಗೆಯ ಊಟವನ್ನು ಆಹಾರತಜ್ಞರೂ ಒಪ್ಪುತ್ತಾರೆ. ತೊಂದರೆ ಇರುವುದು ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ. ಚರಕನ ಅದೇ ಪಟ್ಟಿಯಲ್ಲಿ ಸೈಂಧವ ಲವಣವೂ ಇರುವುದರಿಂದ ಅದನ್ನು ಎಷ್ಟಾದರೂ ಬಳಸಬಹುದೆಂದು ಕೆಲವರು ತಿಳಿದಿದ್ದಾರೆ. ರಕ್ತದೊತ್ತಡದ ದೃಷ್ಟಿಯಿಂದ ಸೈಂಧವವೂ ಉಪ್ಪೇ. ಮೇಲಾಗಿ ಅಡುಗೆಗೆ ಮಾರಾಟವಾಗುವ ಅಯೋಡಿನ್‌ಯುಕ್ತ ಉಪ್ಪಿನಲ್ಲಿರುವ ಅಯೋಡಿನ್ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮಿತಾಹಾರದ ವಿಷಯದಲ್ಲಿಯೂ ಹೋಲಿಕೆ ಸ್ವಾರಸ್ಯಕರವಾಗಿದೆ. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಒಂದನ್ನು ವಾತಪಿತ್ತಕಫಗಳ ಸಂಚಾರಕ್ಕೆ ಬಿಡಬೇಕೆಂಬುದು ಚರಕನ ವಿಧಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ ಅವರು 1935ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೋಷಕಾಂಶ ಕಡಿಮೆಯಾಗದಂತೆ ಆಹಾರದ ಪ್ರಮಾಣವನ್ನು ತಗ್ಗಿಸಿದ ಇಲಿಗಳು ಹೆಚ್ಚು ಕಾಲ ಬದುಕಿದವು. ಮನುಷ್ಯರಲ್ಲಿ ಇದರಿಂದ ಆಯುಷ್ಯ ಹೆಚ್ಚುವುದು ಇನ್ನೂ ಸಿದ್ಧಪಟ್ಟಿಲ್ಲ. ಈಗಾಗಲೇ ತೂಕ ಕಡಿಮೆಯಿರುವ ವೃದ್ಧರು ಇದನ್ನು ಓದಿ ಊಟ ಬಿಡತಕ್ಕದ್ದಲ್ಲ.

ರಕ್ತದೊತ್ತಡವು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇರಬಲ್ಲದು. ನೋವು, ಉರಿ, ಊತ ಏನೂ ಇರುವುದಿಲ್ಲವಾದ್ದರಿಂದ ಅಳತೆ ಮಾಡಿಸಿದ ಹೊರತು ತಿಳಿಯದು. ಬಂಡಿಯ ಕಡಾಣಿ ಸಡಿಲವಾದದ್ದು ಬಂಡಿಯ ಮೇಲೆ ಕುಳಿತವನಿಗೆ ಕಾಣದಿರುವಂತೆ ಇದೂ ಸಹ. ಮಾತ್ರೆ ನುಂಗಿದ ಮೇಲೆ ಒತ್ತಡ ಸರಿಯಾದುದನ್ನು ರೋಗ ವಾಸಿಯಾಯಿತೆಂದು ತಿಳಿದು ನಿಲ್ಲಿಸುವುದೇ ಲಕ್ವಕ್ಕೆ ಗುರಿಯಾಗುವ ಬಹು ಸಾಮಾನ್ಯ ದಾರಿ. ತಂಬಾಕು, ಗುಟಕಾ ಸೇವನೆಯೂ ಹೃದಯ ಮತ್ತು ರಕ್ತನಾಳಗಳ ಮೇಲಿನ ಹೇರನ್ನು ಹೆಚ್ಚಿಸುತ್ತದೆ. ರಾಜ್ಯದಲ್ಲಿ ಗುಟಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಗಿದೆ.

ರಸಾಯನ ಚಿಕಿತ್ಸೆ: ಏನು ಸಿದ್ಧವಾಗಿದೆ, ಏನು ಆಗಿಲ್ಲ

ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನದಿಂದಲೇ ಆರಂಭವಾಗುತ್ತದೆ. ಗಾಳಿ ಬಿಸಿಲುಗಳಲ್ಲಿ ಓಡಾಡಿಕೊಂಡೇ ಸೇವಿಸುವುದು ಒಂದು ವಿಧಾನವಾದರೆ, ವಿಶೇಷವಾಗಿ ಕಟ್ಟಿದ ಕುಟಿಯೊಳಗೆ ಪ್ರವೇಶಿಸಿ ನಿಯಮದಿಂದಿದ್ದು ಸೇವಿಸುವುದು ಇನ್ನೊಂದು. ಎರಡನೆಯದು 'ಕಾಯಕಲ್ಪ' ಎಂದು ಪ್ರಸಿದ್ಧ. ಪಂಡಿತ ಮದನಮೋಹನ ಮಾಲವೀಯರು 1938ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಇಂತಹ ಕಾಯಕಲ್ಪಕ್ಕೆ ಒಳಗಾದುದು ದೇಶದಾದ್ಯಂತ ಚರ್ಚೆಯಾಯಿತು. ಅವರು 1946ರಲ್ಲಿ, 84ನೆಯ ವಯಸ್ಸಿನಲ್ಲಿ ನಿಧನರಾದರು. ಕಾಯಕಲ್ಪ ಇಲ್ಲದಿದ್ದರೆ ಎಷ್ಟು ವರ್ಷ ಬದುಕುತ್ತಿದ್ದರು ಎಂಬುದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ. ಒಬ್ಬ ವ್ಯಕ್ತಿಯ ಉದಾಹರಣೆಯಿಂದ ಚಿಕಿತ್ಸೆಯ ಗುಣವನ್ನು ಅಳೆಯಲಾಗದಿರುವುದು ಈ ಕಾರಣಕ್ಕಾಗಿಯೇ.

ಇದೇ ಎಚ್ಚರವು ನಮ್ಮ ನಾಡಿನ ದೀರ್ಘಾಯುಷಿಗಳ ವಿಷಯದಲ್ಲಿಯೂ ಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು (1860-1962) ನೂರು ದಾಟಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಡಾ. ಪುಟ್ಟರಾಜ ಗವಾಯಿಗಳು (1914-2010) 96 ವರ್ಷ ಬಾಳಿದರು, ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು (1907-2019) 111 ವರ್ಷ ಬಾಳಿದರು. ಸಿದ್ಧಗಂಗಾ ಶ್ರೀಗಳ ಮಿತಾಹಾರ ಮತ್ತು ದಿನಚರಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಕೊನೆಯ ವರ್ಷಗಳಲ್ಲಿ ಅವರಿಗೆ ಪಿತ್ತನಾಳದಲ್ಲಿ ಸ್ಟೆಂಟ್ ಅಳವಡಿಸಿದ್ದು, 2018ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆ ನಡೆದದ್ದು ಅಷ್ಟಾಗಿ ಯಾರ ಬಾಯಲ್ಲಿಯೂ ಬರುವುದಿಲ್ಲ.

ಪ್ರಯೋಗಗಳ ಬಗ್ಗೆ ಹೇಳುವುದಾದರೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಲ್ಲಿಕಾಯಿಯ ಆಮಲಕೀ ರಸಾಯನವನ್ನು ಆಹಾರದಲ್ಲಿ ಬೆರೆಸಿ ಕೊಟ್ಟ ಹಣ್ಣಿನ ನೊಣಗಳ ಆಯುಷ್ಯ ಹೆಚ್ಚಿದುದು ಕಂಡುಬಂದಿದೆ. ಹಣ್ಣಿನ ನೊಣದ ಆಯುಷ್ಯ ಎರಡು-ಮೂರು ತಿಂಗಳು ಮಾತ್ರ; ಮನುಷ್ಯನಲ್ಲಿ ಇಂತಹ ಪರೀಕ್ಷೆಗೆ ತಲೆಮಾರುಗಳೇ ಬೇಕು. ಯಾವುದೇ ರಸಾಯನವು ಮನುಷ್ಯನ ಆಯುಷ್ಯವನ್ನು ಹೆಚ್ಚಿಸುತ್ತದೆಂಬುದು ಇದುವರೆಗೆ ಸಿದ್ಧಪಟ್ಟಿಲ್ಲ. ಆಧುನಿಕ ವಿಜ್ಞಾನದಲ್ಲಿಯೂ ಅಂತಹ ಮಾತ್ರೆ ಇಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ದೇಹದ ಸಾಮಾನ್ಯ ಕೋಶಗಳು ಮಿತ ಸಂಖ್ಯೆಯಲ್ಲಿ ಮಾತ್ರ ವಿಭಜನೆಯಾಗುತ್ತವೆಂದು ಹೇಫ್ಲಿಕ್ ಅವರು 1961ರಲ್ಲಿ ತೋರಿಸಿದರು. ವರ್ಣತಂತುಗಳ ತುದಿಗಳ ಕುರಿತ ಸಂಶೋಧನೆಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಷ್ಟಾದರೂ ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜೀನ್ ಕಾಲ್ಮೆಂ ಅವರ 122 ವರ್ಷ. ಅವರು 1997ರಲ್ಲಿ ತೀರಿಕೊಂಡ ಮೇಲೆ ಆ ಅಂಕಿಯನ್ನು ಯಾರೂ ದಾಟಿಲ್ಲ.

ಚರಕನು ಹೇಳುವ 'ಆಚಾರ ರಸಾಯನ'ಕ್ಕೆ ಮಾತ್ರ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಕೋಪವನ್ನು ಬಿಡುವುದು, ಮದ್ಯದಿಂದ ದೂರವಿರುವುದು, ನಿದ್ರೆ ಎಚ್ಚರಗಳಲ್ಲಿ ಸಮತೋಲ, ಹಿರಿಯರ ಸಹವಾಸ ಇವೇ ಮೊದಲಾದವು ಔಷಧವಿಲ್ಲದೆಯೇ ರಸಾಯನದ ಫಲ ಕೊಡುತ್ತವೆಂಬುದು ಆತನ ಮಾತು. ಒಂಟಿತನ ಮತ್ತು ನಿದ್ರಾಹೀನತೆ ಹೃದಯಕ್ಕೆ ಕೆಡುಕೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ಔಷಧಿಗಳ ಬಳಕೆಯಲ್ಲಿ ಎಚ್ಚರಿಕೆ

ಚ್ಯವನಪ್ರಾಶದಲ್ಲಿ ನೆಲ್ಲಿಕಾಯಿಯ ಜೊತೆಗೆ ಸಕ್ಕರೆ, ತುಪ್ಪ, ಜೇನುತುಪ್ಪ ಗಣನೀಯ ಪ್ರಮಾಣದಲ್ಲಿರುತ್ತವೆ. ಮಧುಮೇಹಿಗಳು ವೈದ್ಯರನ್ನು ಕೇಳದೆ ಸೇವಿಸಬಾರದು. ಅಮೃತಬಳ್ಳಿಯ ಹೆಸರಿನಲ್ಲಿಯೇ ಅಮೃತವಿದೆ. ಆದರೂ ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಆರು ಮಂದಿಗೆ ಯಕೃತ್ತಿನ ತೊಂದರೆಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಕೇಂದ್ರ ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅದನ್ನೇ ಹೋಲುವ ಬೇರೊಂದು ಬಳ್ಳಿಯ ಬಳಕೆಯಾಗಿರುವ ಸಾಧ್ಯತೆಯನ್ನು ಎತ್ತಿತು. ವಾದ ಹೇಗೇ ಇರಲಿ, ಬೇಲಿಯಿಂದ ಕಿತ್ತ ಬಳ್ಳಿಯನ್ನು ತಾವೇ ಗುರುತಿಸಿ ತಿಂಗಳುಗಟ್ಟಲೆ ಕಷಾಯ ಕುಡಿಯುವುದು ಸೂಕ್ತವಲ್ಲವೆಂಬುದು ಎರಡೂ ಕಡೆಯ ಮಾತಿನಿಂದ ಹೊರಡುತ್ತದೆ.

ಪಾದರಸ, ಸೀಸ ಮುಂತಾದ ಲೋಹಗಳಿರುವ ಔಷಧಿಗಳ ವಿಷಯ ಇನ್ನೂ ಗಂಭೀರ. ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇರುವುದನ್ನು 2004ರ ಅಧ್ಯಯನವೊಂದು ತೋರಿಸಿತು. ಶೋಧನ, ಮಾರಣ ಕ್ರಮಗಳಿಂದ ಲೋಹದ ವಿಷಗುಣ ಹೋಗುತ್ತದೆಂಬುದು ರಸಶಾಸ್ತ್ರದ ನಿಲುವು. ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿದ ರೋಗಿಗಳನ್ನು ಕಂಡ ವೈದ್ಯರು ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಭಸ್ಮ, ಸಿಂಧೂರಗಳನ್ನು ನೋಂದಾಯಿತ ಆಯುರ್ವೇದ ವೈದ್ಯರ ಲಿಖಿತ ಸಲಹೆಯ ಮೇರೆಗೆ, ಅವರು ಹೇಳಿದ ಅವಧಿಗೆ ಮಾತ್ರ ಸೇವಿಸತಕ್ಕದ್ದು. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳನ್ನು ಕೊಳ್ಳಬಾರದು. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮದಡಿ ಅಪರಾಧವಾಗಿದೆ.

ಸೇವೆ ಪಡೆಯುವವರ ಗಮನಕ್ಕೆ

ಮೂವತ್ತು ವರ್ಷ ಮೀರಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಗದಗ ನಗರದಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಡಿ.ಜಿ.ಎಂ. ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವೂ ಇವೆ. ಎಲ್ಲಿಗೇ ಹೋದರೂ ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನು, ಎರಡೂ ಪದ್ಧತಿಯವುಗಳನ್ನು, ಚೀಟಿಗಳ ಸಹಿತ ತೆಗೆದುಕೊಂಡು ಹೋಗಲು ಕೋರಲಾಗಿದೆ. ಆಯುರ್ವೇದ ಔಷಧಿ ಸೇವಿಸುತ್ತಿರುವುದನ್ನು ಹೇಳಿದರೆ ಡಾಕ್ಟರು ಬಯ್ಯುವರೆಂದು ಮುಚ್ಚಿಡುವ ಅಗತ್ಯವಿಲ್ಲ; ಕೆಲವು ಗಿಡಮೂಲಿಕೆಗಳು ರಕ್ತ ತೆಳುಗೊಳಿಸುವ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳ ಪರಿಣಾಮವನ್ನು ಬದಲಿಸಬಲ್ಲವಾದ್ದರಿಂದ ವೈದ್ಯರಿಗೆ ಅದು ತಿಳಿದಿರಬೇಕು.

ಕುಡಿಯುವ ನೀರಿನ ಮೂಲದ ಫ್ಲೋರೈಡ್ ಪರೀಕ್ಷೆಯ ಬಗ್ಗೆ ಆಯಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಆಯುರ್ವೇದ ಔಷಧಿಯಿಂದ ತೊಂದರೆಯಾದಲ್ಲಿ ಅಥವಾ ಸುಳ್ಳು ಜಾಹೀರಾತು ಕಂಡುಬಂದಲ್ಲಿ ಜಿಲ್ಲಾ ಆಯುಷ್ ಅಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಬಹುದು. ದೂರಿನೊಂದಿಗೆ ಔಷಧಿಯ ಡಬ್ಬಿ ಅಥವಾ ಲೇಬಲ್, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಕೊಂಡ ರಸೀದಿಯನ್ನು ಲಗತ್ತಿಸತಕ್ಕದ್ದು. ರಸೀದಿ ಇಲ್ಲದಿದ್ದರೂ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡಿರಬೇಕು.